ಪೇಡೆ ತಿಂದ ಮೇಲೆ ಕಂಡ ಚಿತ್ರ

ತೊಂಬತ್ತರ ದಶಕದ ಕೊನೆಯ ಮಾತು. ನಾನು ಜೇವರ್ಗಿಯವನು. ಆಗ ಹೈದರಾಬಾದಿನ ಒಂದು ಹೃದಯದ ಆಸ್ಪತ್ರೆಯಲ್ಲಿ ಟೆಕ್ನಿಷಿಯನ್ ಆಗಿದ್ದೆ. ಅಂದು ಮೇಜಿನ ಮೇಲೆ ಪೂರ್ತಿ ಎಚ್ಚರವಾಗಿ ಮಲಗಿದ್ದವರು ಖಜೂರಿಯ ಲಾರಿ ಮಾಲೀಕ ಶರಣಪ್ಪ.

ಕಟ್ಟಿಕೊಂಡಿದ್ದ ಅವರ ರಕ್ತನಾಳದಲ್ಲಿ ಡಾಕ್ಟರು ಸ್ಟೆಂಟ್ ಎಂಬ ಜಾಲರಿಯ ಕೊಳವೆಯನ್ನು ಪುಟ್ಟ ಬಲೂನು ಊದಿ ಅರಳಿಸಿ ಕೂರಿಸಿದರು. ಎಕ್ಸ್‌ರೇ ಪರದೆಯಲ್ಲಿ ರಕ್ತ ಸರಾಗವಾಗಿ ಹರಿಯಿತು. ನಾನೇ ಬಾಗಿಲು ತೆರೆದು, "ಆಯ್ತ್ರಿ, ಚಂದ ಆಯ್ತು" ಎಂದೆ. ಹೊರಗಿದ್ದ ಮನೆಯವರು ನನ್ನ ಬಾಯಿಗೇ ಪೇಡೆ ತುರುಕಿದರು.

ನಾಳದ ಒಳಗೇ ತೂರಿ, ಶಬ್ದದ ಅಲೆಗಳಿಂದ ಚಿತ್ರ ತೋರಿಸುವ ಹೊಸ ಯಂತ್ರ ಆ ವಾರವಷ್ಟೇ ಬಂದಿತ್ತು. ಬಂದಿದೆಯಲ್ಲ, ನೋಡಿಯೇ ಬಿಡೋಣ ಎಂದರು ಡಾಕ್ಟರು. ಚಿತ್ರ ಮೂಡಿತು. ಸ್ಟೆಂಟ್ ಅರ್ಧವೇ ಅರಳಿತ್ತು. ಒಂದು ಕಡೆಯಂತೂ ಸಡಿಲ ಬಳೆಯ ಹಾಗೆ, ಗೋಡೆಗೆ ತಾಗಿಯೇ ಇರಲಿಲ್ಲ.

ರೋಗಿಗೆ ತಿಳಿಯಬಾರದೆಂದು ಎಲ್ಲರೂ ಇಂಗ್ಲಿಷಿನಲ್ಲಿ ಪಿಸುಗುಟ್ಟಿದರು. ನನ್ನ ಬಾಯಿಂದ ಮಾತ್ರ ನಮ್ಮೂರ ಮಾತು ಬಿದ್ದುಹೋಯಿತು: "ಅಯ್ಯೋ, ಪೂರಾ ಖುಲ್ಲಾನೇ ಆಗಿಲ್ಲಲ್ಲ!"

"ಈಗರೆ ಆಯ್ತು ಅಂದ್ರಲ್ರಿ?" ಎಂದರು ಶರಣಪ್ಪ.

"ಫುಗ್ಗಾ ಇನ್ನೊಮ್ಮೆ ಜೋರ್ ಊದ್ತಾರ್ರಿ, ಅಂಜಬ್ಯಾಡ್ರಿ" ಎಂದೆ.

ಊದಿದರು. ಈ ಸಲ ಸ್ಟೆಂಟ್ ಗೋಡೆಗೆ ಗಟ್ಟಿಯಾಗಿ ಕೂತಿತು. ಅಷ್ಟರಲ್ಲಿ ಶರಣಪ್ಪ ಮತ್ತೆ ಕೇಳಿದರು:

"ಹ್ವಾದ ವರ್ಷ ಅಫಜಲಪುರದ ನಮ್ಮ ಅಣ್ಣಗೂ ನೀವೇ ಹಾಕೀರಿ. ಅವಗ ಮತ್ತ ಎದಿನೋವು ಸುರು ಆಗೇತಿ. ಅವಾಗ ಈ ಮಷೀನ್ ಇತ್ತೇನ್ರಿ?"

ಇರಲಿಲ್ಲ. ಪೇಡೆ ಮಾತ್ರ ಅಂದೂ ಇತ್ತು.