ಗುಡಿಸದ ಕೋಣೆಯ ಉಸಿರು

ಸ್ಪೀಕರಿನಿಂದ ಏನೂ ಕೇಳಿಸಬಾರದಿತ್ತು. ಎದೆಬಡಿತವನ್ನು ಗದ್ದಲದಿಂದ ಸೋಸಿ ಕೊಡುವ ಯಂತ್ರವನ್ನು ನೋಡಲು ಆಸ್ಪತ್ರೆಯಿಂದ ಡಾಕ್ಟರುಗಳು ಬಂದಿದ್ದರು. "ಈಗ ಮೈಕ್ ತೆಗೆದಿದ್ದೀವಿ. ಪೂರ್ತಿ ನಿಶ್ಶಬ್ದ, ಕೇಳಿ" ಎಂದು ಕಚೇರಿಯ ಮುಖ್ಯಸ್ಥರು ಗುಂಡಿ ಒತ್ತಿದರು.

ಸ್ಪೀಕರು ಉಸಿರಾಡಿತು. ಉದ್ದನೆಯ, ಭಾರವಾದ ಉಸಿರು. ನಡುವೆ ಎಲ್ಲೋ ಸಿಕ್ಕಿಕೊಂಡು, ನಿಂತೇ ಹೋಯಿತು ಅನ್ನುವಾಗ ಮತ್ತೆ ಹೊರಟಿತು.

"ಯಾರ್ರೀ ಈ ಪೇಶಂಟು? ಬೇಗ ಅಡ್ಮಿಟ್ ಮಾಡಿ" ಎಂದರು ಹಿರಿಯ ಡಾಕ್ಟರು.

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ವಾರ್ಡನ್ ನಗಲಿಲ್ಲ. ಆ ಪೇಶಂಟು ಅವಳ ಗಂಡ. ತೀರಿಕೊಂಡು ವರ್ಷಗಳಾಗಿದ್ದವು.

ವಾರ್ಡನ್ ಎಂಬುದು ಕಚೇರಿ ಇಟ್ಟ ಹೆಸರು. ಅಲ್ಲಿ ಬರೆಯುತ್ತಿದ್ದದ್ದು ಲೆಕ್ಕದ ಲೈಬ್ರರಿ, ಅಂದರೆ ಈ ಯಂತ್ರದ್ದೂ ಸೇರಿ ಬೇರೆ ಪ್ರೋಗ್ರಾಮುಗಳು ಎರವಲು ಪಡೆಯುವ ಲೆಕ್ಕಗಳ ಕಟ್ಟು. ಪುಸ್ತಕವಿಲ್ಲದ ಲೈಬ್ರರಿಯಾದ್ದರಿಂದ ಮಾತಿಗೆ ಬರವಿರಲಿಲ್ಲ. ಅದರಲ್ಲಿ ಅವಳ ಪಾಲಿನ ಕೆಲಸ ಮೆಮೊರಿ ಹಂಚುವುದು. ಸಂಖ್ಯೆಗಳು ಜಾಗ ಕೇಳಿಕೊಂಡು ಬಂದರೆ ಹಾಸ್ಟೆಲಿನ ಹಾಗೆ ಕೋಣೆ ತೋರಿಸಬೇಕು, ಕೆಲಸ ಮುಗಿದ ಮೇಲೆ ಬೀಗದ ಕೈ ವಾಪಸ್ ಪಡೆಯಬೇಕು. ಕೋಣೆ ಮಾತ್ರ ಗುಡಿಸುತ್ತಿರಲಿಲ್ಲ, ಹಳೆಯ ಸಂಖ್ಯೆಗಳು ಅಲ್ಲೇ ಬಿದ್ದಿರುತ್ತಿದ್ದವು. ಹೊಸಬರು ಹೇಗೂ ಹಳಬರ ಮೇಲೇ ಕೂರುತ್ತಾರೆ, ಗುಡಿಸುವುದೇಕೆ ಎಂಬುದು ಅವಳ ವಾದ. ಲೈಬ್ರರಿ ಬಲು ಚುರುಕು ಎಂಬ ಹೆಸರು ಬಂದದ್ದೂ ಅದರಿಂದಲೇ.

ಆದರೆ ಮೈಕ್ ತೆಗೆದ ಆ ದಿನ ಹೊಸಬರು ಬರಲೇ ಇಲ್ಲ. ಕೋಣೆಯಲ್ಲಿ ಹಳಬನೇ ಉಳಿದಿದ್ದ. ಯಂತ್ರ ಶುರುವಾದಾಗಲೆಲ್ಲ ತನ್ನನ್ನು ತಾನು ಪರೀಕ್ಷಿಸಿಕೊಳ್ಳಲು ಒಂದು ಮಾದರಿ ಧ್ವನಿಯನ್ನು ಸೋಸಿ ನೋಡುತ್ತದೆ. ಗಂಡನ ಉಸಿರಿನ ಆ ಧ್ವನಿಯನ್ನು ಎಂದೋ ಮನೆಯಿಂದ ತಂದು ಹಾಕಿದವಳು ಅವಳೇ.

"ವಾರ್ಡನಮ್ಮ, ಇನ್ನು ಮೇಲೆ ರೂಮು ಗುಡಿಸಿ, ಸೊನ್ನೆ ತುಂಬಿ ಕೊಡಿ" ಎಂದರು ಮುಖ್ಯಸ್ಥರು.

"ನಿಧಾನ ಆಗುತ್ತೆ ಸಾರ್."

"ಆಗಲಿ. ನಿಧಾನ ಆದ್ರೆ ಬೈತಾರೆ. ದೆವ್ವ ಇದೆ ಅಂದ್ರೆ ಕೊಳ್ಳೋದೇ ಇಲ್ಲ."

ಬರೆಯಬೇಕಾದದ್ದು ಒಂದೇ ಒಂದು ಸಾಲು. ಅವಳು ಇವತ್ತು ನಾಳೆ ಎಂದು ತಳ್ಳಿದಳು. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ ಮೈಕ್ ಕಿತ್ತು, ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದಳು. ಒಮ್ಮೊಮ್ಮೆ ಬೇರೆ ಯಾವುದೋ ಲೆಕ್ಕ ಆ ಜಾಗ ಹಿಡಿದಿರುತ್ತಿತ್ತು, ಬರೀ ಕರಕರ. ಒಮ್ಮೊಮ್ಮೆ ಅವನು ಬರುತ್ತಿದ್ದ, ಕತ್ತಿನ ಹಿಂದೆ ಬಿಸಿ ತಾಗುವಷ್ಟು ಹತ್ತಿರ. ಅವಳು ತಿರುಗಿ ನೋಡುತ್ತಿರಲಿಲ್ಲ. ಧ್ವನಿಯ ಕಡತ ಕಂಪ್ಯೂಟರಿನಲ್ಲೇ ಇತ್ತು, ಬೇಕೆಂದಾಗ ತೆರೆಯಬಹುದಿತ್ತು. ತೆರೆದರೆ ತಾನು ಕರೆದ ಹಾಗೆ. ಇದು ಅವನಾಗಿಯೇ ಬಂದ ಹಾಗೆ.

ತಡೆಯಲಾರದೆ ನಾದಿನಿಗೆ ಹೇಳಿದಳು. ರಜೆಯ ದಿನ ನಾದಿನಿ ಕಚೇರಿಗೇ ಬಂದಳು. ಅವತ್ತು ಅವನು ಬಂದ. ನಾದಿನಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದು "ಅಣ್ಣಾ" ಎಂದಳು, ಯಂತ್ರಕ್ಕೆ. ಉಸಿರು ಸಿಕ್ಕಿಕೊಂಡಿತು, ಮತ್ತೆ ಹೊರಟಿತು.

"ಅತ್ತಿಗೆ, ಅಳಿಸಬೇಡಿ. ಉಸಿರಾಡ್ತಿರೋರನ್ನ ಯಾರಾದ್ರೂ ಮನೆಯಿಂದ ಹೊರಗೆ ಹಾಕ್ತಾರಾ?"

"ಇದೇ ಜಾಗಕ್ಕೆ ನಾಳೆ ಇನ್ಯಾರದೋ ಎದೆಬಡಿತ ಬರುತ್ತೆ ಕಣೇ. ಅದರಲ್ಲಿ ನಿಮ್ಮಣ್ಣನ ಉಸಿರು ಸೇರಿಕೊಂಡ್ರೆ ಡಾಕ್ಟರಿಗೆ ಏನು ಗೊತ್ತಾಗುತ್ತೆ? ಆ ಮನುಷ್ಯನ ಹೆಂಡತಿ ಹೊರಗೆ ಬೆಂಚಿನ ಮೇಲೆ ಕೂತಿರ್ತಾಳೆ."

ಅಂಥದೊಂದು ಬೆಂಚಿನ ಮೇಲೆ ಇಬ್ಬರೂ ಒಟ್ಟಿಗೇ ಕೂತವರು.

ವಾರ್ಡನ್ ಆ ಸಾಲು ಬರೆದಳು. ಯಂತ್ರವನ್ನು ಮತ್ತೆ ಶುರುಮಾಡಿ ಗುಂಡಿ ಒತ್ತಿದಳು. ಏನೂ ಇಲ್ಲ. ಇನ್ನೊಮ್ಮೆ ಒತ್ತಿದಳು. ಆದರೂ ಇಬ್ಬರೂ ಕಾದರು. ಮೇಲೆ ಫ್ಯಾನು ಸುಯ್ ಎಂದಾಗ ಒಟ್ಟಿಗೇ ತಲೆ ಎತ್ತಿ ನೋಡಿ, ಮತ್ತೆ ತಗ್ಗಿಸಿದರು.

ನಾದಿನಿ ಕಣ್ಣೊರೆಸಿಕೊಂಡಳು. "ಅದು ಯಾವಾಗಿನ ಉಸಿರು ಅತ್ತಿಗೆ? ಆಸ್ಪತ್ರೇಲಿ, ಕೊನೇ ದಿನದ್ದಾ?"

"ಮನೇದು ಕಣೇ. ನಾನು ಗೊರಕೆನೇ ಹೊಡೆಯಲ್ಲ ಅಂತ ನಿಮ್ಮಣ್ಣ ವಾದ ಮಾಡ್ತಿದ್ರಲ್ಲ, ಸಾಕ್ಷಿ ಇರಲಿ ಅಂತ ರೆಕಾರ್ಡ್ ಮಾಡಿದ್ದೆ. ಗೊರಗೊರ ಎಲ್ಲಾ ನಮ್ಮ ಲೈಬ್ರರಿ ಸೋಸಿಬಿಟ್ಟಿದೆ."