ಮೀನ್ ಸ್ಟೇ

ಹೋದ ವಾರ ಮಗಳ ರಬ್ಬರ್ ಬೂಟು ತೊಳೆಯುವಾಗ ಕಾಲುವೆಯ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಕೊಳೆತ ಜೊಂಡಿನದು, ಜೊತೆಗೆ ತುಕ್ಕಿನದು... ಪಕ್ಕದ ಮನೆಯ ಮುದುಕರ ಕೋಟಿಗೆ ಸದಾ ಇದೇ ವಾಸನೆ. ಅವರನ್ನು ನಾವು ಬ್ಯೂರ್ಮನ್ ಎಂದೇ ಕರೆಯುತ್ತಿದ್ದೆವು. ಡಚ್ಚಿನಲ್ಲಿ ಪಕ್ಕದ ಮನೆಯವರು ಎಂದಷ್ಟೇ ಅದರ ಅರ್ಥ.

ನೆದರ್‌ಲ್ಯಾಂಡ್ಸಿನ ಗ್ರೋನಿಂಗನ್ ನಗರದಿಂದಲೂ ಉತ್ತರಕ್ಕಿರುವ ಹಳ್ಳಿ ಇದು. ನನ್ನ ಸಂಶೋಧನೆ ಇಲ್ಲಿನ ಹೊಲಗಳ ಮಣ್ಣಿನ ಮೇಲೆ. ಅದಕ್ಕೇ ಐದು ವರ್ಷದ ಮಗಳೊಂದಿಗೆ ಇಲ್ಲೇ ಮನೆ ಹಿಡಿದೆ. ಶಾಲೆಗೆ ಸೇರಿ ನಾಲ್ಕು ತಿಂಗಳಾದರೂ ಅವಳು ಅಲ್ಲಿ ಬಾಯಿ ಬಿಟ್ಟಿರಲಿಲ್ಲ. ಬೇಸಿಗೆಯವರೆಗೆ ಕಾಯೋಣ, ಆಗಲೂ ಮಾತಾಡದಿದ್ದರೆ ನಗರದ ಶಾಲೆಯೇ ಒಳ್ಳೆಯದು ಎಂದು ಟೀಚರ್ ಮೆಲ್ಲಗೆ ಹೇಳಿದ್ದರು.

ಆಮ್ಸ್ಟೆಲ್‌ವೀನ್‌ನಿಂದ ಗೆಳತಿ ಫೋನು ಮಾಡಿದಳು. "ಸಾಕು ಕಣೇ ನಿನ್ನ ಹಠ. ಇಲ್ಲಿಗೆ ಬಂದ್ಬಿಡು, ಅರ್ಧ ಕ್ಲಾಸು ನಮ್ಮೋರೇ ಇದಾರೆ."

"ನೋಡೋಣ" ಎಂದೆ. ಹೋಗುವುದಿಲ್ಲವೆಂದು ಅಷ್ಟರಲ್ಲೇ ತೀರ್ಮಾನಿಸಿಯಾಗಿತ್ತು.

ಇಲ್ಲಿನ ಜನ ಮಾತಿಗೆ ಸಿಗುವುದು ಶಾಲೆಯ ಗೇಟಿನಲ್ಲಿ, ಇಲ್ಲವೇ ಕಾಲುವೆಯ ದಡದಲ್ಲಿ. ಗೇಟಿನಲ್ಲಿ ನನಗೂ ಬಾಯಿ ಬರುತ್ತಿರಲಿಲ್ಲ. ಆದ್ದರಿಂದ ಮೀನು ಹಿಡಿಯುವ ಪರವಾನಗಿ ಮಾಡಿಸಿ, ಹಳೆಯದೊಂದು ಗಾಳ ಕೊಂಡೆ. ಮೊದಲ ಶನಿವಾರ ಮಗಳ ಜೊತೆ ದಡದಲ್ಲಿ ಕೂತಿದ್ದಾಗ ಬ್ಯೂರ್ಮನ್ ಹಿಂದೆ ಬಂದು ನಿಂತು, "ಮೀನ್ ಸ್ಟೇ" ಎಂದರು.

ನನಗೆ ಹಿಗ್ಗೋ ಹಿಗ್ಗು. ಮೀನಿದೆ, ಕದಲಬೇಡ! ಕನ್ನಡದ ಮೀನು, ಇಂಗ್ಲಿಷಿನ ಸ್ಟೇ. ಧನ್ಯವಾದ ಹೇಳಿ ಗಟ್ಟಿಯಾಗಿ ಕೂತೆ. ಅವರು ಮತ್ತೆ, ಇನ್ನಷ್ಟು ಜೋರಾಗಿ ಹೇಳಿದರು. ನಾನೂ ಇನ್ನಷ್ಟು ಜೋರಾಗಿ ತಲೆಯಾಡಿಸಿದೆ. ಕೈಯಲ್ಲಿ ಗಾಳ ಹಿಡಿದು ಅರ್ಧ ಗಂಟೆ ನಿಂತೇ ಇದ್ದರು, ಪಾಪ...

ಕೊನೆಗೆ ಮಗಳು ನನ್ನ ತೋಳು ಜಗ್ಗಿದಳು. "ಅಮ್ಮಾ, ಏಳು! ಅದು ಅವ್ರ ಜಾಗ ಅಂತೆ."

ಈ ಕಡೆಯ ಆಡುಮಾತಿನಲ್ಲಿ ಮೀನ್ ಎಂದರೆ ನನ್ನ, ಸ್ಟೇ ಎಂದರೆ ಜಾಗ. ನಾನು ಕಲಿತ ಪುಸ್ತಕದ ಡಚ್ಚಿನಲ್ಲಿ ಅದು ಇರಲಿಲ್ಲ. ಶಾಲೆಯಲ್ಲಿ ಮಾತಾಡದೆ ಕೂತಿದ್ದವಳು ನಾಲ್ಕು ತಿಂಗಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ನಮ್ಮ ಭಾಷೆಯಲ್ಲಿ ಮೀನ್ ಎಂದರೆ ಏನೆಂದು ತಿಳಿದಾಗ ಬ್ಯೂರ್ಮನ್ ಕಣ್ಣೊರೆಸಿಕೊಂಡು ನಕ್ಕರು. ನನ್ನನ್ನು ಎಬ್ಬಿಸಲಿಲ್ಲ, ಪಕ್ಕದಲ್ಲೇ ತಮ್ಮ ಸ್ಟೂಲು ಹಾಕಿಕೊಂಡರು. ಅಂದಿನಿಂದ ಪ್ರತಿ ಶನಿವಾರ ಮೂವರೂ ಅಲ್ಲಿರುತ್ತಿದ್ದೆವು.

ವಸಂತದಲ್ಲಿ ಅವರು ಪ್ರತಿವರ್ಷದಂತೆ ಬಕೆಟ್ಟಿನಲ್ಲಿ ಜೀವಂತ ಮೀನೊಂದನ್ನು ಶಾಲೆಗೆ ಒಯ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. "ಇದೇನು?" ಎಂದು ಕೇಳಿ, ಬ್ಯೂರ್ಮನ್ ನನ್ನ ಮಗಳನ್ನೇ ನೋಡುತ್ತ ಕಾದರು.

"ಮೀನ್" ಎಂದಳು.

"ನಿಂದಾ? ಸುಳ್ಳಿ! ಅದು ಬ್ಯೂರ್ಮನ್‌ದು!" ಮಕ್ಕಳು ಅವಳ ಮೇಲೆ ಮುಗಿಬಿದ್ದರು.

"ನಂದು ಅಂದಿಲ್ಲ! ನಮ್ಮನೇಲಿ ಇದಕ್ಕೆ ಮೀನ್ ಅಂತಾರೆ. ನಿಮಗೇನೂ ಗೊತ್ತಿಲ್ಲ!" ಅಷ್ಟನ್ನೂ ಅವರದೇ ಭಾಷೆಯಲ್ಲಿ, ಕೆಂಪೇರಿದ ಮುಖದಲ್ಲಿ ಹೇಳಿಬಿಟ್ಟಳು. ನಗರದ ಶಾಲೆಯ ಮಾತು ಮತ್ತೆ ಬರಲಿಲ್ಲ.

ಕಳೆದ ಚಳಿಗಾಲ ಬ್ಯೂರ್ಮನ್ ತೀರಿಕೊಂಡರು. ಈ ಸಲ ಬಕೆಟ್ಟು ಯಾರು ತರುತ್ತೀರಿ ಎಂದು ಪೋಷಕರ ಸಭೆಯಲ್ಲಿ ಕೇಳಿದಾಗ ನಾನು ಕೈಯೆತ್ತಿದೆ. ಎರಡು ಶನಿವಾರ ಏನೂ ಸಿಗಲಿಲ್ಲ. ಇವತ್ತು ಬೆಳಿಗ್ಗೆ ಒಂದು ಸಿಕ್ಕಿತು. ಮೀನಿನ ಬಾಯಿಂದ ಕೊಕ್ಕೆ ಬಿಡಿಸುವ ಕೆಲಸ ಯಾವಾಗಲೂ ಅವರದಾಗಿತ್ತು... ಎರಡು ಸಲ ಕೈ ಜಾರಿತು. ಮೂರನೆಯ ಸಲ ಬಿಡಿಸಿ ತಲೆಯೆತ್ತಿದೆ. ಪಕ್ಕದಲ್ಲಿ, ಅವರ ಸ್ಟೂಲಿನ ಜಾಗದಲ್ಲಿ ಯಾರೂ ಇರಲಿಲ್ಲ.