ಕೆಳದಡದ ಡಬ್ಬಿಯ ಸರದಿ

ಆಫೀಸಿನಲ್ಲಿ ಅವಳನ್ನು ಎಲ್ಲರೂ ಸೆಕೆಂಡಮ್ಮ ಎಂದೇ ಕರೆಯುತ್ತಿದ್ದರು. ನದಿಯ ದಡದುದ್ದಕ್ಕೂ ನಿಂತಿರುವ ನೀರಿನ ಮಟ್ಟ ಅಳೆಯುವ ಡಬ್ಬಿಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ನೀರು ಎಷ್ಟು ಏರಿದೆ, ಎಷ್ಟು ಇಳಿದಿದೆ ಎಂದು ಪ್ರತಿ ಡಬ್ಬಿಯೂ ಗಂಟೆಗೊಮ್ಮೆ ಆಕಾಶದ ಉಪಗ್ರಹಕ್ಕೆ ಹೇಳಬೇಕು. ಉಪಗ್ರಹ ಅದನ್ನು ಆಫೀಸಿಗೆ ದಾಟಿಸುತ್ತದೆ. ಡಬ್ಬಿಗಳು ನೂರಾರು, ಕೇಳುವ ಕಿವಿ ಒಂದೇ. ಹಾಗಾಗಿ ಒಂದೊಂದಕ್ಕೂ ಕೆಲವೇ ಸೆಕೆಂಡುಗಳ ಸರದಿ. ಸರದಿ ಬಂದಾಗ ಹೇಳಬೇಕು, ಮುಗಿದೊಡನೆ ಬಾಯಿ ಮುಚ್ಚಬೇಕು. ಅದು ತಪ್ಪದಿರಲೆಂದೇ ಪ್ರತಿ ಕಂಬದ ತುದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಒಂದು ಬಿಳಿಯ ಜಿಪಿಎಸ್ ಆಂಟೆನಾ. ಅದು ಬೇರೆ ಉಪಗ್ರಹಗಳಿಂದ ಸಮಯ ಕೇಳಿಕೊಂಡು ಡಬ್ಬಿಯೊಳಗಿನ ಗಡಿಯಾರವನ್ನು ತಿದ್ದುತ್ತಿರುತ್ತದೆ.

ಸೆಕೆಂಡಿನ ಲೆಕ್ಕ ಇಡುವ ಈ ಹೆಂಗಸು ತನ್ನ ಮದುವೆಗೇ ತಡವಾಗಿ ಬಂದಿದ್ದಳೆಂಬುದು ಗಂಡನ ಮನೆಯಲ್ಲಿ ಇಂದಿಗೂ ಹಳಸದ ತಮಾಷೆ. "ಅವತ್ತು ನಿನ್ನ ಆಂಟೆನಾ ಸಡಿಲ ಆಗಿತ್ತೇನೇ?" ಎಂದು ಅತ್ತೆ ಕೇಳುತ್ತಾರೆ. ಊಟದ ಹೊತ್ತಿಗೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಯಾರದೋ ಮಾತು ಅಡ್ಡ ಬರುತ್ತದೆ. ತೆರೆದ ಬಾಯಿಗೆ ತುತ್ತು ಇಟ್ಟುಕೊಂಡು ಸುಮ್ಮನಾಗುತ್ತಾಳೆ. ತವರಿನಲ್ಲೂ ಅಷ್ಟೇ. ಅಕ್ಕ ಎದುರಿಗಿದ್ದರೆ ತಂಗಿಗೂ ಒಂದು ನಾಲಿಗೆ ಇದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ಅಕ್ಕನ ಮನೆ ಇದ್ದದ್ದು ಕೆಳದಡದಲ್ಲಿ, ನದಿ ಬಾಗುವ ತಗ್ಗಿನಲ್ಲಿ. ಅಲ್ಲಿಯ ಡಬ್ಬಿಯಿಂದ ಕೆಲವು ವಾರಗಳಿಂದ ಒಂದು ಸುದ್ದಿಯೂ ಆಫೀಸಿಗೆ ಬಂದಿರಲಿಲ್ಲ. ಸೆಕೆಂಡಮ್ಮ ಬ್ಯಾಟರಿ ಬದಲಿಸಿದಳು, ಕೇಬಲ್ ಬದಲಿಸಿದಳು, ಆಂಟೆನಾಗಳನ್ನೂ ಬದಲಿಸಿದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

"ಇನ್ನೊಂದು ಸಲ ನೋಡಮ್ಮಾ," ಎಂದರು ಮೇಲಧಿಕಾರಿ. ಕೆಟ್ಟವರೇನಲ್ಲ, ಅವರಿಗೂ ಸಾಕಾಗಿತ್ತು. "ಆಗದಿದ್ರೆ ಕಿತ್ತುಕೊಂಡು ಬಾ. ಬೇರೆ ಕಡೆ ಹಾಕೋಣ."

ಕಿತ್ತರೆ, ನೀರು ಏರಿದಾಗ ತಗ್ಗಿನ ಮನೆಗಳನ್ನು ಮೊದಲೇ ಎಚ್ಚರಿಸುವವರು ಇರುವುದಿಲ್ಲ. ಬೆಳಿಗ್ಗೆ ಜೀಪು ಹತ್ತುವಾಗಲೇ ಅಕ್ಕನ ಫೋನು ಬಂತು.

"ಕೀಳೋಕೆ ನೀನೇ ಬರ್ತಿದ್ದೀಯಂತೆ? ನೀರು ಹೊಸಿಲು ದಾಟಿದ ಮೇಲೆ ಬಂದು ಮಂಚದ ಮೇಲೆ ಕೂತು ಸಮಾಧಾನ ಹೇಳ್ತೀಯಾ?"

"ಅಕ್ಕಾ, ನಾನು ಇನ್ನೂ..."

"ಏನೂ ಹೇಳ್ಬೇಡ. ಒಡಹುಟ್ಟಿದವಳ ಕೈಯಲ್ಲೇ ಕೀಳಿಸ್ತಾರಲ್ಲ, ಅದನ್ನ ನೋಡು."

ಫೋನು ಕಟ್ಟಾಯಿತು.

ಕೆಳದಡದ ಡಬ್ಬಿಯ ಬಾಗಿಲು ತೆರೆದು ನೋಡಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಗಡಿಯಾರ ಕೂದಲೆಳೆಯಷ್ಟೂ ಹಿಂದೆಮುಂದೆ ಇಲ್ಲ. ಸರದಿ ಬಂದಾಗ ದೀಪ ಮಿನುಗುತ್ತದೆ, ಮಾತು ಹೊರಡುತ್ತದೆ. ಮತ್ತೇಕೆ ತಲುಪುತ್ತಿಲ್ಲ? ಈ ಸಲ ಅವಳು ಆಫೀಸಿನ ರಿಪೇರಿ ಕೋಣೆಯಿಂದ ಒಂದು ಪುಟ್ಟ ರಿಸೀವರನ್ನು ಕೇಳಿ ತಂದಿದ್ದಳು. ಡಬ್ಬಿ ಮಾತಾಡುವ ಅಲೆಗೆ ಅದನ್ನು ಹೊಂದಿಸಿ, ಕಲ್ಲಿನ ಮೇಲೆ ಕೂತು ಕಿವಿಗೆ ಹಿಡಿದಳು.

ದೀಪ ಮಿನುಗುವ ಮೊದಲೇ ಕಿರ್ರೆನ್ನುವ ಸದ್ದು ಶುರುವಾಯಿತು. ಅದು ನಡೆಯುತ್ತಿರುವಾಗಲೇ ದೀಪ ಮಿನುಗಿತು. ಎರಡು ಸದ್ದುಗಳು ಒಂದರೊಳಗೊಂದು ಕಲಸಿಹೋದವು.

ಅವಳು ಎದ್ದು ನಿಂತಳು. ಇಷ್ಟು ದಿನ ಈ ಡಬ್ಬಿ ಮಾತಾಡುತ್ತದೋ ಇಲ್ಲವೋ ಎಂದು ನೋಡಿದ್ದಳೇ ಹೊರತು, ಇದು ಮಾತಾಡುವಾಗ ಇನ್ಯಾರು ಮಾತಾಡುತ್ತಿದ್ದಾರೆಂದು ಕೇಳಿರಲಿಲ್ಲ. ಊಟದ ಮನೆಯಲ್ಲಿ ದಿನವೂ ಅದನ್ನೇ ಉಂಡವಳಿಗೆ ಇದು ಹೊಳೆಯಬೇಕಿತ್ತು.

ಇದರ ಹಿಂದಿನ ಸರದಿ ಮೇಲಿನ ದಿಣ್ಣೆಯ ಡಬ್ಬಿಯದು. ಅಲ್ಲಿಂದಲೇ ಅದರ ಕಂಬ ಕಡ್ಡಿಯಷ್ಟು ಕಾಣುತ್ತಿತ್ತು. ಎತ್ತರದಿಂದ ಜೋರಾಗಿ ಹೊರಡುವ ಆ ಡಬ್ಬಿಯ ಸುದ್ದಿ ಒಂದು ದಿನವೂ ತಪ್ಪಿರಲಿಲ್ಲ; ಎರಡೂ ಕಲಸಿದಾಗ ಮುಳುಗುತ್ತಿದ್ದದ್ದು ತಗ್ಗಿನ ಡಬ್ಬಿಯ ದನಿಯೇ. ನೀರಿನ ಮಟ್ಟ ಬಂದರೆ ಸಾಕು, ಅದು ಯಾವ ಸೆಕೆಂಡಿಗೆ ಬಂತೆಂದು ಯಾರೂ ನೋಡಿರಲಿಲ್ಲ. ಕೆಲಸ ಮಾಡುವವನ ಬಾಗಿಲು ಯಾರು ತಟ್ಟುತ್ತಾರೆ?

ಜೀಪು ದಿಣ್ಣೆ ಹತ್ತಿದಾಗ ಅಲ್ಲಿಯ ಕಾವಲುಗಾರ ನಗುತ್ತಾ ಎದುರು ಬಂದ. "ನಮ್ಮ ಡಬ್ಬಿಯಾ ಮೇಡಂ? ನಾನು ರಜಾ ಹಾಕಿದರೂ ಅದು ಹಾಕಲ್ಲ."

ಅವಳು ತಲೆಯೆತ್ತಿ ನೋಡಿದಳು. ಕಂಬದ ತುದಿಯ ಬಿಳಿ ಬಟ್ಟಲು ಯಾಕೋ ಊದಿಕೊಂಡಂತೆ ಕಂಡಿತು. ಏಣಿ ಹತ್ತಿದಳು. ಸುದ್ದಿ ಕಳಿಸುವ ಆಂಟೆನಾ ಬಯಲಲ್ಲೇ ಇತ್ತು; ಸಮಯ ಕೇಳುವ ಆಂಟೆನಾದ ಮೇಲೆ ಸುಣ್ಣ ಬಳಿದ ಒಂದು ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡಿತ್ತು, ತಂತಿಯಿಂದ ಬಿಗಿಯಾಗಿ ಕಟ್ಟಿದ್ದರು.

"ಅದು ನಾನೇ ಹಾಕಿಸಿದ್ದು," ಎಂದಳು ಕೆಳಗೆ ನಿಂತಿದ್ದ ಕಾವಲುಗಾರನ ತಾಯಿ. "ಕಾಗೆ ಕುಕ್ಕುತ್ತಿತ್ತು. ಹೋದ ಸಲ ನೀನೇ ಹೇಳಿದ್ದೆಯಲ್ಲವ್ವಾ, ಇದು ಕೂಸಿನ ಹಾಗೆ, ತಲೆ ಮೇಲೆ ನಿಗಾ ಇರಲಿ ಅಂತ. ಕೂಸಿನ ತಲೆಗೆ ಕುಲಾವಿ ಹಾಕಿದೆ."

ಹೌದು, ಹೇಳಿದ್ದಳು. ಅಪರೂಪಕ್ಕೆ ಅವಳ ಮಾತನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡಿದ್ದರು, ಕೇಳಿಸಿಕೊಂಡು ನಡೆದೂ ಇದ್ದರು. ಏಣಿಯ ಮೇಲೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಅಜ್ಜೀ, ಇದು ಆಕಾಶ ನೋಡ್ತಾ ಇರಬೇಕು. ಕಣ್ಣಿಗೆ ಪಾತ್ರೆ ಮುಚ್ಚಿದರೆ ಇದಕ್ಕೆ ಹೊತ್ತು ಗೊತ್ತಾಗಲ್ಲ."

"ಗೊತ್ತಾಗದಿದ್ರೆ ಸುಮ್ಮನಿರಬೇಕಪ್ಪ."

"ಹೊಸವು ಸುಮ್ಮನಾಗ್ತವೆ. ಇದು ಹಳೇದು. ತನ್ನ ಗಡಿಯಾರ ಹಿಂದೆ ಬಿದ್ದಿದ್ರೂ ಅದೇ ಸರಿ ಅಂತ ಹೇಳ್ತಾನೇ ಇರುತ್ತೆ, ಕೆಳದಡದ ಡಬ್ಬಿಯ ಸರದಿಯಲ್ಲೂ."

"ಇವನಪ್ಪನೂ ಹೀಗೇ ಇದ್ದ," ಎಂದಳು ಅಜ್ಜಿ. ಆಮೇಲೆ ಅವಳ ಮುಖ ಚಿಕ್ಕದಾಯಿತು. "ಹಾಗಾದ್ರೆ ಕೆಳಗಿನವರ ಮಾತು ನನ್ನಿಂದ ಮುಳುಗಿತೇ?"

"ನಿಮ್ಮಿಂದಲ್ಲ ಅಜ್ಜೀ. ನಾನು ಅರ್ಧ ಹೇಳಿ ಹೋಗಿದ್ದೆ."

"ಮೇಲಕ್ಕೆ ಬರೀತೀರಾ ಮೇಡಂ?" ಕಾವಲುಗಾರನ ದನಿ ಇಳಿದಿತ್ತು.

"ಬರೀತೀನಿ. ಇದನ್ನೇ, ಹೀಗೇ."

ತಂತಿ ಬಿಚ್ಚಿ ಪಾತ್ರೆಯನ್ನು ಅಜ್ಜಿಯ ಕೈಗೆ ಕೊಟ್ಟಳು. ಆಂಟೆನಾವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕೇಬಲ್ ಸೇರುವ ಕಡೆ ಹೊಸ ಟೇಪು ಸುತ್ತಿದಳು. ಸ್ವಲ್ಪ ಹೊತ್ತಿಗೆ ಡಬ್ಬಿ ಆಕಾಶವನ್ನು ಕಂಡುಕೊಂಡಿತು. ಗಡಿಯಾರ ಒಮ್ಮೆಲೇ ಮುಂದಕ್ಕೆ ಜಿಗಿದು ನಿಂತಿತು. ಮುಂದಿನ ಸರದಿಗೆ ಕಾಯುತ್ತಾ ಮೂವರೂ ಮೆಟ್ಟಿಲ ಮೇಲೆ ಕೂತರು. ಪಾತ್ರೆ ಅಜ್ಜಿಯ ತೊಡೆಯ ಮೇಲಿತ್ತು.

ಆಫೀಸಿನಿಂದ ಫೋನು ಬಂತು. "ಸೆಕೆಂಡಮ್ಮಾ, ಕೆಳದಡ ಬಾಯಿ ಬಿಟ್ಟಿತು. ನೀರು ಇದ್ದಲ್ಲೇ ಇದೆಯಂತೆ."

ಅವಳು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಎತ್ತಿದವಳೇ ಶುರು ಮಾಡಿದಳು: ಡಬ್ಬಿ, ದಡ, ಅಪ್ಪ ಇದ್ದಿದ್ದರೆ, ಎಲ್ಲವೂ. ಅವಳು ಕಾದಳು. ಎಂಥ ಅಕ್ಕನಿಗೂ ಒಮ್ಮೆ ಉಸಿರೆಳೆಯಲೇಬೇಕಲ್ಲ.

"ಅಕ್ಕಾ, ಈಗ ಸ್ವಲ್ಪ ನಾನು ಹೇಳ್ತೀನಿ. ಡಬ್ಬಿ ಕೀಳೋದಿಲ್ಲ. ಮಾತಾಡ್ತಿದೆ."

ಆ ಕಡೆ ಒಲೆಯಿಂದ ಪಾತ್ರೆಯೊಂದನ್ನು ಇಳಿಸಿದ ಸದ್ದು ಕೇಳಿತು.

"ಊಟಕ್ಕೆ ಬಾ," ಎಂದಳು ಅಕ್ಕ ಕೊನೆಗೆ. "ತಡ ಮಾಡ್ಬೇಡ."

"ಇಲ್ಲ, ಬಂದೆ," ಎಂದಳು ತಂಗಿ. ರಿಸೀವರನ್ನು ಚೀಲಕ್ಕೆ ಹಾಕಲು ಹೋದವಳು ಮತ್ತೆ ಹೊರತೆಗೆದಳು. ಒಂದು ಸರದಿ ಸರಿಹೋದದ್ದು ಅಕಸ್ಮಾತ್ತೂ ಇರಬಹುದು. ಇನ್ನೊಂದು ಕೇಳಿಯೇ ಹೋಗೋಣವೆಂದು ಮೆಟ್ಟಿಲ ಮೇಲೆ ಮರಳಿ ಕೂತಳು.